ಇಂಜೆಕ್ಟರ್ ದೊಡ್ಡದಾಯಿತು, ಇಸಿಎಂಗೆ ಹೇಳಿದಿರಾ?

"ಇಂಜೆಕ್ಟರ್ ಹೊಸಾವ ಹಾಕ್ಸೇನ್ರಿ, ಪಿಕಪ್ ಭಾರೀ ಬಂದೈತಿ. ಆದ್ರ ಗೇಟಿನ್ಯಾಗ ಗಾಡಿ ನಿಲ್ಲವಲ್ದು, ಬಂದ್ ಬೀಳತೈತಿ." ಬೆಳಗಾವಿಯ ಉದ್ಯಮಬಾಗದ ಕಡೆ ಗ್ಯಾರೇಜುಗಳ ಮುಂದೆ ನಿಂತರೆ ಇಂಥ ಮಾತು ಕಿವಿಗೆ ಬೀಳುತ್ತದೆ. ಉತ್ತರವೂ ಸಿದ್ಧವಾಗಿರುತ್ತದೆ: "ಸೆಟ್ ಆಗಾಕ ನಾಕ್ ದಿನಾ ಬೇಕ್ರಿ, ಓಡಸ್ರಿ." ನಾಲ್ಕು ದಿನ ಓಡಿಸಿದರೆ ವಾಸಿಯಾಗುವ ರೋಗ ಇದಲ್ಲ. ದೊಡ್ಡ ಇಂಜೆಕ್ಟರ್ ಕೂರಿಸುವುದು ಅರ್ಧ ದಿನದ ಕೆಲಸ. ಅದು ಎಂಥ ಇಂಜೆಕ್ಟರ್ ಎಂದು ಕಾರಿನ ಇಸಿಎಂಗೆ, ಅಂದರೆ ಎಂಜಿನ್ನನ್ನು ನಡೆಸುವ ಕಂಪ್ಯೂಟರಿಗೆ, ತಿಳಿಸುವುದು ಬೇರೆಯದೇ ಕೆಲಸ. ಆ ಎರಡನೆಯದನ್ನು ಮಾಡದೆ, ಇಲ್ಲವೇ ಅರ್ಧ ಮಾಡಿ ಬಿಟ್ಟ ಕಾರುಗಳೇ ರೈಲ್ವೆ ಗೇಟಿನಲ್ಲಿ, ಸಿಗ್ನಲ್‌ನಲ್ಲಿ ಬಂದ್ ಬೀಳುವುದು.

ಪೆಟ್ರೋಲ್ ಕಾರಿನ ಇಂಜೆಕ್ಟರ್ ಕರೆಂಟಿನಿಂದ ತೆರೆದುಕೊಳ್ಳುವ ಒಂದು ಪುಟ್ಟ ಕವಾಟ. ಅದರ ನೆತ್ತಿಯ ಮೇಲಿನ ರೇಲ್‌ನಲ್ಲಿ ಪೆಟ್ರೋಲು ಸಾಮಾನ್ಯವಾಗಿ 3ರಿಂದ 4 ಬಾರ್ ಒತ್ತಡದಲ್ಲಿ ಕಾದಿರುತ್ತದೆ. ಇಸಿಎಂ ಕರೆಂಟು ಹರಿಸಿದಷ್ಟು ಹೊತ್ತು ಕವಾಟ ತೆರೆದಿರುತ್ತದೆ, ಕರೆಂಟು ನಿಂತರೆ ಸ್ಪ್ರಿಂಗು ಅದನ್ನು ಮುಚ್ಚುತ್ತದೆ. ಎಷ್ಟು ಪೆಟ್ರೋಲು ಬಿತ್ತು ಎಂದು ಅಳೆಯುವ ಮೀಟರು ಇಡೀ ವ್ಯವಸ್ಥೆಯಲ್ಲಿ ಎಲ್ಲಿಯೂ ಇಲ್ಲ. ಇಸಿಎಂ ಕೈಯಲ್ಲಿರುವುದು ಗಡಿಯಾರ ಒಂದೇ. ಇಷ್ಟು ಗಾಳಿ ಒಳಗೆ ಬಂತು, ಅದಕ್ಕೆ ಇಷ್ಟು ಪೆಟ್ರೋಲು ಬೇಕು, ಈ ಇಂಜೆಕ್ಟರ್ ನಿಮಿಷಕ್ಕೆ ಇಷ್ಟು ಸಿ.ಸಿ. ಸುರಿಯುತ್ತದೆ, ಹಾಗಾದರೆ ಇಷ್ಟು ಮಿಲಿಸೆಕೆಂಡು ತೆರೆದಿಡಬೇಕು ಎಂದು ಅದು ಪ್ರತಿ ಸುತ್ತಿಗೂ ಲೆಕ್ಕ ಹಾಕುತ್ತಿರುತ್ತದೆ. 'ನಿಮಿಷಕ್ಕೆ ಇಷ್ಟು ಸಿ.ಸಿ.' ಎಂಬುದು ಕಾರ್ಖಾನೆಯಲ್ಲಿ ಬರೆದಿಟ್ಟ ಸಂಖ್ಯೆ. ನೀವು ಇಂಜೆಕ್ಟರ್ ಬದಲಿಸಿದಾಗ ಲೋಹ ಬದಲಾಯಿತು, ಸಂಖ್ಯೆ ಹಾಗೆಯೇ ಉಳಿಯಿತು.

ಬದಲಿಸುವುದಾದರೂ ಯಾಕೆ? ಟರ್ಬೊ ಕೂರಿಸಿದವರಿಗೆ, ಟರ್ಬೊ ಕಾರಿನ ಬೂಸ್ಟ್ ಏರಿಸಿದವರಿಗೆ, ರ್‍ಯಾಲಿ ಓಡಿಸುವವರಿಗೆ ಹಳೆಯ ಇಂಜೆಕ್ಟರ್ ಸಾಲದಾಗುತ್ತದೆ. ಇದರ ಲೆಕ್ಕ ಸರಳ. ನಾಲ್ಕು ಸ್ಟ್ರೋಕಿನ ಎಂಜಿನ್ನು 6000 ಆರ್‌ಪಿಎಂನಲ್ಲಿ ಒಂದು ಆವರ್ತ ಮುಗಿಸಲು ತೆಗೆದುಕೊಳ್ಳುವುದು 20 ಮಿಲಿಸೆಕೆಂಡು. ಇಂಜೆಕ್ಟರ್ ತೆರೆದಿರಬಹುದಾದ ಕಾಲ ಅದರೊಳಗೇ ಮುಗಿಯಬೇಕು. ಶೇ. 85ರ ಆಚೆಗೆ ಹೋದರೆ, ಅಂದರೆ 17 ಮಿಲಿಸೆಕೆಂಡು ದಾಟಿದರೆ, ಕವಾಟಕ್ಕೆ ಸರಿಯಾಗಿ ಮುಚ್ಚಿ ತೆರೆಯಲು ಬಿಡುವಿರುವುದಿಲ್ಲ. ಆಮೇಲೆ ಎಷ್ಟು ಎಕ್ಸಿಲರೇಟರ್ ಒತ್ತಿದರೂ ಪೆಟ್ರೋಲು ಹೆಚ್ಚಾಗದು, ಗಾಳಿ ಮಾತ್ರ ಹೆಚ್ಚುತ್ತದೆ. ಟರ್ಬೊ ಎಂಜಿನ್ನಿಗೆ ಅದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ನಾಕಿಂಗ್ ಶುರುವಾಗಿ ಪಿಸ್ಟನ್ನಿನ ತಲೆ ಕರಗುವವರೆಗೂ ಹೋಗುತ್ತದೆ.

ಹಾಗೆಂದು ಸಿಕ್ಕಿದ ದೊಡ್ಡದನ್ನು ಹಾಕಿಸುವುದು ಜಾಣತನವಲ್ಲ. 85 ಅಶ್ವಶಕ್ತಿಯ ಸಾಧಾರಣ ನಾಲ್ಕು ಸಿಲಿಂಡರ್ ಎಂಜಿನ್ನು ಪೂರ್ತಿ ಎಳೆದಾಗ ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು 230 ಗ್ರಾಂ ಪೆಟ್ರೋಲು ಕುಡಿಯುತ್ತದೆ ಎಂದುಕೊಳ್ಳಿ. ನಾಲ್ಕಕ್ಕೆ ಹಂಚಿ, ಸಿ.ಸಿ.ಗೆ ಇಳಿಸಿ, ಶೇ. 85ರ ಮಿತಿ ಸೇರಿಸಿದರೆ ಒಂದೊಂದು ಇಂಜೆಕ್ಟರ್ ನಿಮಿಷಕ್ಕೆ 130 ಸಿ.ಸಿ. ಸುರಿದರೆ ಸಾಕು. ಅದೇ ಎಂಜಿನ್ನಿಗೆ ಟರ್ಬೊ ಕೂರಿಸಿ 140 ಅಶ್ವಶಕ್ತಿಗೆ ಏರಿಸಿದರೆ, ಟರ್ಬೊ ಬಾಯಾರಿಕೆಗೆಂದು 270 ಗ್ರಾಂ ಹಿಡಿದರೂ, ಬೇಕಾಗುವುದು 250 ಸಿ.ಸಿ. ಮೇಲಿಷ್ಟು ಸೇರಿಸಿ 300 ಅನ್ನಿ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುತ್ತದೆಂದು 550 ಸಿ.ಸಿ.ಯ ಸೆಟ್ಟು ತರಿಸಿಕೊಂಡವರು ಎಂಜಿನ್ನು ಐಡ್ಲಿಂಗ್‌ನಲ್ಲಿ ಎಷ್ಟು ಕಡಿಮೆ ಪೆಟ್ರೋಲು ಕೇಳುತ್ತದೆ ಎಂಬುದನ್ನು ಮರೆತಿರುತ್ತಾರೆ. ಅಷ್ಟು ದೊಡ್ಡ ಕವಾಟ ಅಷ್ಟು ಕಡಿಮೆ ಹೊತ್ತು ತೆರೆದಾಗ ಒಂದು ಸಲ ಬಿದ್ದಷ್ಟು ಇನ್ನೊಂದು ಸಲ ಬೀಳುವುದಿಲ್ಲ. ಅದನ್ನು ಯಾವ ಟ್ಯೂನರ್‌ನಿಂದಲೂ ಪೂರ್ತಿ ಸರಿಪಡಿಸಲಾಗದು.

ಈಗ ಮುಖ್ಯ ವಿಷಯಕ್ಕೆ ಬರೋಣ. ಇಸಿಎಂಗೆ ಹೇಳಬೇಕಾದದ್ದು ಒಂದು ಸಂಖ್ಯೆಯಲ್ಲ, ಎರಡು. ಮೊದಲನೆಯದು ಹರಿವು, ನಿಮಿಷಕ್ಕೆ ಎಷ್ಟು ಸಿ.ಸಿ. ಎಂಬುದು. ಇದು ಎಲ್ಲರಿಗೂ ಗೊತ್ತು, ಪೆಟ್ಟಿಗೆಯ ಮೇಲೇ ಅಚ್ಚಾಗಿರುತ್ತದೆ. ಅಲ್ಲಿಯೂ ಒಂದು ಎಚ್ಚರ ಬೇಕು. ಆ ಅಂಕಿ ಸಾಮಾನ್ಯವಾಗಿ 3 ಬಾರ್ ಒತ್ತಡಕ್ಕೆ ಹೇಳಿದ್ದು. ನಿಮ್ಮ ಕಾರಿನ ರೇಲ್‌ನಲ್ಲಿ 4 ಬಾರ್ ಇದ್ದರೆ ಅದೇ ಇಂಜೆಕ್ಟರ್ ಶೇ. 15ರಷ್ಟು ಹೆಚ್ಚು ಸುರಿಯುತ್ತದೆ. ಒತ್ತಡ ಹೆಚ್ಚಿದ ಪ್ರಮಾಣದಲ್ಲೇ ಹರಿವು ಹೆಚ್ಚುವುದಿಲ್ಲ, ಆ ಪ್ರಮಾಣದ ವರ್ಗಮೂಲದಷ್ಟು ಹೆಚ್ಚುತ್ತದೆ. 300 ಸಿ.ಸಿ. ಎಂದು ಬರೆದದ್ದು 4 ಬಾರ್‌ನಲ್ಲಿ ಸುಮಾರು 346 ಆಗುತ್ತದೆ. ಪೆಟ್ಟಿಗೆಯ ಅಂಕಿಯನ್ನು ಹಾಗೆಯೇ ಇಸಿಎಂಗೆ ಬರೆದವನು ಮೊದಲ ಹೆಜ್ಜೆಯಲ್ಲೇ ಎಡವಿದ.

ಎರಡನೆಯದನ್ನು ಟ್ಯೂನಿಂಗ್ ಮಾಡುವವರು ಡೆಡ್ ಟೈಮ್ ಅನ್ನುತ್ತಾರೆ. ಕರೆಂಟು ಹರಿದ ಕ್ಷಣದಲ್ಲೇ ಕವಾಟ ತೆರೆಯುವುದಿಲ್ಲ. ಸುರುಳಿಯಲ್ಲಿ ಕಾಂತಶಕ್ತಿ ಹುಟ್ಟಬೇಕು, ಅದು ಸ್ಪ್ರಿಂಗನ್ನೂ ಪೆಟ್ರೋಲಿನ ಒತ್ತಡವನ್ನೂ ಗೆದ್ದು ಸೂಜಿಯನ್ನು ಎತ್ತಬೇಕು. ಅಷ್ಟರಲ್ಲಿ ಸುಮಾರು ಒಂದು ಮಿಲಿಸೆಕೆಂಡು ಕಳೆದಿರುತ್ತದೆ. ಬೆಳಗಾವಿಯ ಹಳೆಯ ಓಣಿಗಳಲ್ಲಿ ನಳ ಬಿಟ್ಟಾಗ ಮೊದಲು ಬುಸ್ ಬುಸ್ ಎಂದು ಗಾಳಿ ಬಂದು ಆಮೇಲೆ ನೀರು ಬರುವ ಹಾಗೆ. ವಾಲ್ವ್‌ಮನ್ ಒಂದು ತಾಸು ನೀರು ಬಿಟ್ಟೆ ಎನ್ನುತ್ತಾನೆ, ಕೊಡಕ್ಕೆ ಬಿದ್ದದ್ದು ಮುಕ್ಕಾಲು ತಾಸಿನ ನೀರು. (24 ಗಂಟೆ ನೀರು ಬರುವ ವಾರ್ಡಿನವರಿಗೆ ಇದು ಮರೆತುಹೋಗಿರಬಹುದು.) ಇಸಿಎಂ ಈ ವ್ಯರ್ಥ ಕಾಲವನ್ನೂ ಬಲ್ಲದು. ಬೇಕಾದ ಕಾಲಕ್ಕೆ ಅದನ್ನು ಕೂಡಿಸಿಯೇ ಕರೆಂಟು ಕೊಡುತ್ತದೆ. ಆದರೆ ಅದು ಬಲ್ಲದ್ದು ಹಳೆಯ ಇಂಜೆಕ್ಟರ್‌ನ ವ್ಯರ್ಥ ಕಾಲವನ್ನು.

ಒಂದು ಉದಾಹರಣೆ ಹಿಡಿದು ಕೊನೆಯವರೆಗೂ ಲೆಕ್ಕ ಮಾಡೋಣ. ಹಳೆಯದು 200 ಸಿ.ಸಿ., ಡೆಡ್ ಟೈಮ್ 0.9 ಮಿಲಿಸೆಕೆಂಡು. ಐಡ್ಲಿಂಗ್‌ನಲ್ಲಿ ಇಸಿಎಂ ಅದನ್ನು 2.6 ಮಿಲಿಸೆಕೆಂಡು ತೆರೆಯುತ್ತಿತ್ತು. ಅಂದರೆ ನಿಜವಾಗಿ ಪೆಟ್ರೋಲು ಬಿದ್ದದ್ದು 1.7 ಮಿಲಿಸೆಕೆಂಡು. ಹೊಸದು 300 ಸಿ.ಸಿ., ಅದರ ಡೆಡ್ ಟೈಮ್ 1.1. ಒಂದೂವರೆ ಪಟ್ಟು ಸುರಿಯುವುದರಿಂದ ಪೆಟ್ರೋಲು ಬೀಳುವ ಕಾಲ ಮೂರರಲ್ಲಿ ಎರಡು ಪಾಲಾದರೆ ಸಾಕು, 1.13 ಮಿಲಿಸೆಕೆಂಡು. ಅದಕ್ಕೆ 1.1 ಸೇರಿಸಿ 2.23 ಕೊಡಬೇಕು. ಟ್ಯೂನರ್ ಹರಿವಿನ ಅಂಕಿಯನ್ನು 300ಕ್ಕೆ ತಿದ್ದಿ ಡೆಡ್ ಟೈಮ್ ಮರೆತ ಎನ್ನಿ. ಇಸಿಎಂ ಹಳೆಯ 0.9 ಅನ್ನೇ ಕೂಡಿಸಿ 2.03 ಕೊಡುತ್ತದೆ. ಪೆಟ್ರೋಲು ಬೀಳುವುದು 0.93 ಮಿಲಿಸೆಕೆಂಡು ಮಾತ್ರ. ಬೇಕಾದದ್ದಕ್ಕಿಂತ ಶೇ. 18ರಷ್ಟು ಕಡಿಮೆ. ಎಂಜಿನ್ನು ನಡುಗುತ್ತದೆ, ಬಂದ್ ಬೀಳುತ್ತದೆ.

ಅದೇ ಕಾರನ್ನು ಹೆದ್ದಾರಿಗೆ ತನ್ನಿ. ಅಲ್ಲಿ ಪೆಟ್ರೋಲು ಬೀಳಬೇಕಾದ ಕಾಲ 8 ಮಿಲಿಸೆಕೆಂಡು. ತಪ್ಪು ಅಷ್ಟೇ ಇದೆ, 0.2. ಆದರೆ ಎಂಟರಲ್ಲಿ ಅದು ಶೇ. 2.5 ಮಾತ್ರ. ಗಾಡಿ ಬಾಣದಂತೆ ಹೋಗುತ್ತದೆ. "ಪಿಕಪ್ ಭಾರೀ ಬಂದೈತಿ, ಗೇಟಿನ್ಯಾಗ ನಿಲ್ಲವಲ್ದು" ಎಂಬ ದೂರಿನ ಗುಟ್ಟು ಇಲ್ಲಿದೆ. ಒಂದೇ ತಪ್ಪು ನಿಂತಾಗ ದೈತ್ಯ, ಓಡುವಾಗ ಇರುವೆ. ಕಾರ್ಬ್ಯುರೇಟರ್ ಕಾಲದ ಮೇಸ್ತ್ರಿಗಳಿಗೆ ಇದನ್ನು ವಿವರಿಸಿ ಹೇಳಬೇಕಾಗಿರಲಿಲ್ಲ. ಮೇನ್ ಜೆಟ್ ಬೇರೆ, ಸ್ಲೋ ಜೆಟ್ ಬೇರೆ ಎಂಬುದು ಅವರ ಬೆರಳಿಗೇ ಗೊತ್ತಿತ್ತು. ಒಂದನ್ನು ಮುಟ್ಟಿದರೆ ಇನ್ನೊಂದನ್ನೂ ನೋಡುತ್ತಿದ್ದರು.

ಈ ಡೆಡ್ ಟೈಮ್ ಬ್ಯಾಟರಿ ವೋಲ್ಟೇಜಿಗೆ ತಕ್ಕಂತೆ ಬದಲಾಗುತ್ತದೆ ಎಂಬುದೇ ಇನ್ನೊಂದು ತಲೆನೋವು. ಆಲ್ಟರ್ನೇಟರ್ 14 ವೋಲ್ಟ್ ಕೊಡುತ್ತಿರುವಾಗ ಸೂಜಿ ಬೇಗ ಏಳುತ್ತದೆ. 12ಕ್ಕೆ ಇಳಿದರೆ ತಡ, ಮುಂಜಾನೆ ಸೆಲ್ಫ್ ಹೊಡೆಯುವಾಗ 10ಕ್ಕೆ ಕುಸಿದರೆ ಇನ್ನೂ ತಡ. ಆದ್ದರಿಂದ ಬೇಕಾಗುವುದು ಒಂದು ಸಂಖ್ಯೆಯಲ್ಲ, ವೋಲ್ಟೇಜಿಗೊಂದು ಎಂಬಂತೆ ಒಂದು ಪಟ್ಟಿ. ಒಳ್ಳೆಯ ತಯಾರಕರು ಇದನ್ನು ಇಂಜೆಕ್ಟರ್ ಜೊತೆಗೇ ಕೊಡುತ್ತಾರೆ. ಅಗ್ಗದ ನಕಲಿಗಳಲ್ಲಿ ಇರುವುದಿಲ್ಲ. ಇದ್ದರೂ ಅದು ಬೇರಾವುದೋ ಇಂಜೆಕ್ಟರ್‌ನದ್ದು.

ಸರಿಯಾಗಿದೆಯೇ ಎಂದು ತಿಳಿಯುವುದು ಹೇಗೆ? ಸ್ಟೀರಿಂಗ್ ಕೆಳಗಿನ ಓಬಿಡಿ ಸಾಕೆಟ್ಟಿಗೆ ಹಾಕುವ ಬ್ಲೂಟೂತ್ ಸ್ಕ್ಯಾನರ್ ಒಂದಿದ್ದರೆ ಅರ್ಧ ಉತ್ತರ ಫೋನಿನಲ್ಲೇ ಸಿಗುತ್ತದೆ. ಸೈಲೆನ್ಸರ್ ದಾರಿಯಲ್ಲಿರುವ ಆಮ್ಲಜನಕ ಸೆನ್ಸರ್ ಹೊಗೆಯನ್ನು ಮೂಸಿ ಪೆಟ್ರೋಲು ಹೆಚ್ಚಾಯಿತೋ ಕಡಿಮೆಯಾಯಿತೋ ಹೇಳುತ್ತಿರುತ್ತದೆ, ಇಸಿಎಂ ಆ ಮಾತು ಕೇಳಿ ತನ್ನ ಲೆಕ್ಕವನ್ನು ತಿದ್ದಿಕೊಳ್ಳುತ್ತದೆ. ಆ ತಿದ್ದುಪಡಿಗೆ ಫ್ಯೂಯಲ್ ಟ್ರಿಮ್ ಎಂದು ಹೆಸರು. ಪ್ಲಸ್ ಎಂದರೆ ಪೆಟ್ರೋಲು ಸೇರಿಸುತ್ತಿದೆ, ಮೈನಸ್ ಎಂದರೆ ಕಳೆಯುತ್ತಿದೆ. ಗಳಿಗೆಗಳಿಗೆಗೆ ಕುಣಿಯುವುದು ಶಾರ್ಟ್ ಟರ್ಮ್, ಕಲಿತು ನೆನಪಿಟ್ಟುಕೊಳ್ಳುವುದು ಲಾಂಗ್ ಟರ್ಮ್. "ನಾಕ್ ದಿನಾ ಓಡಸ್ರಿ, ಸೆಟ್ ಆಗತೈತಿ" ಎಂಬ ಮಾತಿನ ಮೂಲವೂ ಈ ಲಾಂಗ್ ಟರ್ಮ್ ಟ್ರಿಮ್ಮೇ. ಇಸಿಎಂ ಕಲಿಯುತ್ತದೆ, ನಿಜ. ಆದರೆ ಅದಕ್ಕೊಂದು ಮಿತಿಯಿದೆ, ಬಹಳಷ್ಟು ಕಾರುಗಳಲ್ಲಿ ಶೇ. 25ರ ಆಸುಪಾಸು. 200ರ ಜಾಗದಲ್ಲಿ 300 ಹಾಕಿ ಇಸಿಎಂ ಮುಟ್ಟದೇ ಬಿಟ್ಟರೆ ಶೇ. 50ರಷ್ಟು ಹೆಚ್ಚು ಸುರಿಯುತ್ತದೆ. ಟ್ರಿಮ್ ತನ್ನ ಕೊನೆ ಮುಟ್ಟಿ ಕೈಚೆಲ್ಲುತ್ತದೆ, ಪಿ0172 ಎಂಬ ಕೋಡಿನೊಂದಿಗೆ ಚೆಕ್ ಎಂಜಿನ್ ದೀಪ ಉರಿಯುತ್ತದೆ. ಮಿತಿಯೊಳಗೇ ಇದ್ದರೂ, ಇಸಿಎಂ ಶೇ. 20ರ ತಪ್ಪನ್ನು ಹೊತ್ತು ನಡೆಯುತ್ತಿದೆ ಎಂದರೆ ಅದು ಟ್ಯೂನಿಂಗ್ ಅಲ್ಲ, ತೇಪೆ.

ಟ್ರಿಮ್ ನೋಡಲು ಬೆಳಗಾವಿ–ಖಾನಾಪುರ ರಸ್ತೆಗಿಂತ ಒಳ್ಳೆಯ ಜಾಗ ಈ ಭಾಗದಲ್ಲಿಲ್ಲ ಎಂಬುದು ನನ್ನ ಅಭಿಪ್ರಾಯ. ದೂರ 26 ಕಿಲೋಮೀಟರಿನಷ್ಟು. ಅಷ್ಟರಲ್ಲೇ ಎಂಜಿನ್ನಿಗೆ ಬೇಕಾದ ಎಲ್ಲ ಪರೀಕ್ಷೆಗಳೂ ಸಾಲಾಗಿ ಬರುತ್ತವೆ. ಎಂಜಿನ್ನು ಪೂರ್ತಿ ಬಿಸಿಯಾದ ಮೇಲೆ ಟಿಳಕವಾಡಿಯ ಮೂರನೇ ರೈಲ್ವೆ ಗೇಟಿನ ದಟ್ಟಣೆಯಲ್ಲಿ ಸಿಕ್ಕಿಕೊಂಡಿದ್ದೀರಿ ಎನ್ನಿ. ಬೈದುಕೊಳ್ಳಬೇಡಿ, ಫೋನು ತೆಗೆದು ಐಡ್ಲಿಂಗ್ ಟ್ರಿಮ್ ಬರೆದುಕೊಳ್ಳಿ. ಉದ್ಯಮಬಾಗ, ಪೀರನವಾಡಿ, ಮಚ್ಛೆಯ ನಡುವೆ ಎರಡನೇ ಮೂರನೇ ಗೇರಿನ ಓಟದಲ್ಲಿ ಇನ್ನೊಮ್ಮೆ. ಆ ಮೇಲೆ ಹೆದ್ದಾರಿ ಬಿಚ್ಚಿಕೊಂಡಾಗ ಒಂದೇ ವೇಗದಲ್ಲಿ, ಟಾಪ್ ಗೇರಿನಲ್ಲಿ, ಗಣೇಬೈಲ್ ಟೋಲ್‌ವರೆಗೆ ಮತ್ತೊಮ್ಮೆ. ಓಡಿಸುವವರು ಸ್ಕ್ರೀನು ನೋಡಬಾರದು, ಪಕ್ಕದಲ್ಲಿ ಕೂತವರು ಬರೆದುಕೊಳ್ಳಲಿ. ಈ ಮೂರು ಅಂಕಿಗಳನ್ನು ಒಂದರ ಕೆಳಗೆ ಒಂದು ಇಟ್ಟರೆ ಕಥೆ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಮೂರೂ ಕಡೆ ಹೆಚ್ಚುಕಡಿಮೆ ಒಂದೇ ಅಂಕಿ, ಉದಾಹರಣೆಗೆ ಪ್ಲಸ್ 10, ಪ್ಲಸ್ 9, ಪ್ಲಸ್ 10 ಬಂದರೆ ಹರಿವಿನ ಅಂಕಿ ತಪ್ಪಾಗಿದೆ. ಅದನ್ನು ಶೇ. 10ರಷ್ಟು ಇಳಿಸಿ. ನೀವು ಹೇಳಿದ್ದಕ್ಕಿಂತ ಇಂಜೆಕ್ಟರ್ ಕಡಿಮೆ ಸುರಿಯುತ್ತಿದೆ ಎಂದರ್ಥ. ಗೇಟಿನಲ್ಲಿ ಪ್ಲಸ್ 18, ಊರೊಳಗೆ ಪ್ಲಸ್ 8, ಹೆದ್ದಾರಿಯಲ್ಲಿ ಪ್ಲಸ್ 2 ಅಥವಾ 3 ಬಂದರೆ ಹರಿವು ಸರಿಯಿದೆ, ಡೆಡ್ ಟೈಮ್ ಕಡಿಮೆ ಬರೆದಿದ್ದೀರಿ. 0.05 ಮಿಲಿಸೆಕೆಂಡಿನಷ್ಟು ಸಣ್ಣ ಹೆಜ್ಜೆಗಳಲ್ಲಿ ಏರಿಸುತ್ತ ಹೋಗಿ. ಆದರೆ ಐಡ್ಲಿಂಗ್‌ನಲ್ಲಿ ಮಾತ್ರ ಪ್ಲಸ್ ತೋರಿಸುವ ಇನ್ನೊಬ್ಬ ಕಳ್ಳನಿದ್ದಾನೆ. ಇಂಟೇಕ್ ಮ್ಯಾನಿಫೋಲ್ಡಿನಲ್ಲಿ ಎಲ್ಲೋ ಸಣ್ಣ ಸೋರಿಕೆ, ಅದರಲ್ಲೂ ಇಂಜೆಕ್ಟರ್ ಕೂರಿಸುವಾಗ ಹರಿದ ಓ-ರಿಂಗು. ಅಲ್ಲಿಂದ ಅಳತೆಗೆ ಸಿಗದ ಗಾಳಿ ನುಗ್ಗುತ್ತದೆ. ಕಂಪ್ಯೂಟರ್ ಮುಟ್ಟುವ ಮೊದಲು ಅದನ್ನು ನೋಡಿ. ಹೊಸ ಓ-ರಿಂಗಿಗೆ ತುಸು ಶುದ್ಧ ಎಣ್ಣೆ ಸವರಿ ಕೂರಿಸಿದ್ದರೆ ಈ ಗೋಳೇ ಇರುತ್ತಿರಲಿಲ್ಲ.

ವೋಲ್ಟೇಜ್ ಪಟ್ಟಿ ಸರಿಯಿದೆಯೇ ಎಂಬ ಪರೀಕ್ಷೆಗೆ ಖಾನಾಪುರದ ಮಳೆಗಾಲ ಹೇಳಿಮಾಡಿಸಿದ ಹಾಗಿದೆ. ಜುಲೈನಲ್ಲಿ ಜಾಂಬೋಟಿ, ಕಣಕುಂಬಿ ಕಡೆ ಹಗಲಲ್ಲೇ ಹೆಡ್‌ಲೈಟು, ವೈಪರು, ಬ್ಲೋವರು, ಹಿಂಗಾಜಿನ ಹೀಟರು ಎಲ್ಲವೂ ಒಟ್ಟಿಗೆ ಓಡುತ್ತವೆ. ವೋಲ್ಟೇಜು 14.2ರಿಂದ 13ಕ್ಕೆ ಇಳಿಯುವುದು ಸ್ಕ್ಯಾನರಿನಲ್ಲೇ ಕಾಣಿಸುತ್ತದೆ. ಅದರ ಜೊತೆಗೆ ಟ್ರಿಮ್ ಕೂಡ ಪ್ಲಸ್ ಕಡೆ ಜಾರಿದರೆ ಪಟ್ಟಿಯ ಇಳಿಜಾರು ತಪ್ಪಿದೆ. ಬೇಸಿಗೆಯಲ್ಲಿ ಟ್ಯೂನ್ ಮಾಡಿಸಿಕೊಂಡು ಚೆನ್ನಾಗಿದ್ದ ಕಾರು ಮಳೆಗಾಲ ಬಂದೊಡನೆ ಮುಗ್ಗರಿಸುವುದಕ್ಕೆ ಎಷ್ಟೋ ಸಲ ಕಾರಣ ಇದೇ. ಮೇಸ್ತ್ರಿ ಮಾತ್ರ ಪ್ಲಗ್ಗಿಗೆ ನೀರು ಹೋಗಿದೆ ಎಂದು ಹುಡುಕುತ್ತಿರುತ್ತಾನೆ.

ಪೀರನವಾಡಿಯಲ್ಲಿ ಬಲಕ್ಕೆ ತಿರುಗಿ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿದರೆ ಗೋವಾ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ಇಲ್ಲಿಯ ಗಾಳಿಯ ಒತ್ತಡ ಕರಾವಳಿಗಿಂತ ಶೇ. 8ರಷ್ಟು ಕಡಿಮೆ. ಇಸಿಎಂ ಇದನ್ನು ಸೆನ್ಸರಿನಿಂದ ಅಳೆದುಕೊಳ್ಳುವುದರಿಂದ ಸರಿಯಾಗಿ ಟ್ಯೂನ್ ಆದ ಕಾರಿಗೆ ಘಾಟಿಯ ಮೇಲೂ ಕೆಳಗೂ ಒಂದೇ ಟ್ರಿಮ್ ಇರಬೇಕು. ಟರ್ಬೊ ಇಲ್ಲದ ಕಾರಾದರೆ ಇನ್ನೊಂದು ಮಾತು. ಬೆಳಗಾವಿಯಲ್ಲಿ ಪೂರ್ತಿ ಎಕ್ಸಿಲರೇಟರ್ ಒತ್ತಿ ಟ್ಯೂನ್ ಮಾಡಿದರೂ ಮ್ಯಾಪಿನ (ಎಷ್ಟು ಒತ್ತಡದ ಗಾಳಿಗೆ ಎಷ್ಟು ಪೆಟ್ರೋಲು ಎಂದು ಇಸಿಎಂನಲ್ಲಿ ಬರೆದಿಟ್ಟ ಕೋಷ್ಟಕದ) ಮೇಲಿನ ಸಾಲನ್ನು ಆ ಎಂಜಿನ್ನು ಮುಟ್ಟಿಯೇ ಇರುವುದಿಲ್ಲ. ಅಷ್ಟು ಒತ್ತಡದ ಗಾಳಿ ಇಲ್ಲಿಲ್ಲ. ಆ ಸಾಲಿನಲ್ಲಿ ಏನು ಬರೆದಿದೆ ಎಂಬುದು ಗೊತ್ತಾಗುವುದು ಕಡಲ ದಂಡೆಗೆ ಇಳಿದ ಮೇಲೆ. ವಾರದ ಕೊನೆಗೆ ಗೋವಾಕ್ಕೆ ಓಡುವವರು ನಮ್ಮಲ್ಲಿ ಕಡಿಮೆಯಿಲ್ಲವಾದ್ದರಿಂದ ಇದನ್ನು ಹೇಳಿದೆ.

ಪೂರ್ತಿ ಎಕ್ಸಿಲರೇಟರ್ ಒತ್ತಿದಾಗ ಮಾತ್ರ ಈ ಬ್ಲೂಟೂತ್ ಸ್ಕ್ಯಾನರಿನ ಆಟ ನಡೆಯದು. ಆಗ ಇಸಿಎಂ ಸೆನ್ಸರಿನ ಮಾತು ಕೇಳುವುದನ್ನು ಬಿಟ್ಟು ಮ್ಯಾಪಿನಂತೆ ಸುರಿಯುತ್ತದೆ. ಮೇಲಾಗಿ ಹಳೆಯ ಕಾರುಗಳ ಸಾಮಾನ್ಯ ಸೆನ್ಸರ್ ಹೆಚ್ಚು ಅಥವಾ ಕಡಿಮೆ ಎನ್ನುತ್ತದೆಯೇ ಹೊರತು ಎಷ್ಟು ಎನ್ನುವುದಿಲ್ಲ. ಎಷ್ಟು ಎಂದೂ ಹೇಳುವ ವೈಡ್‌ಬ್ಯಾಂಡ್ ಸೆನ್ಸರ್ ಹಾಕದೆ ಟರ್ಬೊ ಕಾರಿನ ಪೂರ್ತಿ ಲೋಡ್ ಟ್ಯೂನಿಂಗ್ ಮಾಡುವವರ ಕೈಗೆ ಬೀಗದ ಕೈ ಕೊಡಬೇಡಿ. ಅವರು ಹೊಗೆಯ ಬಣ್ಣ ನೋಡಿ ಹೇಳುತ್ತೇವೆ ಎಂದರೂ ಅಷ್ಟೇ.

ಈಗ ಕಬ್ಬಿನ ವಿಷಯ. ಇಂಜೆಕ್ಟರಿಗೂ ಕಬ್ಬಿಗೂ ಏನು ಸಂಬಂಧ ಎನ್ನಬೇಡಿ, ಬೆಳಗಾವಿಯಲ್ಲಿ ಕೂತು ಹಾಗೆ ಕೇಳುವಂತೆಯೇ ಇಲ್ಲ. ರಾಜ್ಯದಲ್ಲೇ ಹೆಚ್ಚು ಸಕ್ಕರೆ ಕಾರ್ಖಾನೆಗಳಿರುವ ಜಿಲ್ಲೆ ಇದು, ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇರುವುದೂ ಇಲ್ಲೇ. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ಪ್ರಧಾನಿ ಇ20 ಪೆಟ್ರೋಲಿಗೆ ಚಾಲನೆ ಕೊಟ್ಟಾಗ ಅದು ಕೆಲವೇ ಬಂಕುಗಳಲ್ಲಿತ್ತು. ಇವತ್ತು ಬಂಕಿನಲ್ಲಿ ಸಾಧಾರಣ ಪೆಟ್ರೋಲು ಎಂದರೆ ಅದೇ, ನೂರಕ್ಕೆ 20 ಪಾಲು ಎಥೆನಾಲ್. ಶುದ್ಧ ಪೆಟ್ರೋಲಿನ ಒಂದು ಕೆ.ಜಿ. ಪೂರ್ತಿ ಉರಿಯಲು 14.7 ಕೆ.ಜಿ. ಗಾಳಿ ಬೇಕು. ಇ20ಗೆ ಸುಮಾರು 13.5 ಸಾಕು. ಅಂದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಸುರಿಯಬೇಕು, ಅಳತೆಯಲ್ಲಿ ಶೇ. 7ರಿಂದ 8ರಷ್ಟು ಹೆಚ್ಚು.

ಟ್ಯೂನರ್‌ಗೆ ಇದು ಯಾಕೆ ಮುಖ್ಯ? ಈ ಹೆಚ್ಚಳ ಗೇಟಿನಲ್ಲೂ ಹೆದ್ದಾರಿಯಲ್ಲೂ ಒಂದೇ ಪ್ರಮಾಣದಲ್ಲಿ ಬರುತ್ತದೆ. ಟ್ರಿಮ್‌ನಲ್ಲಿ ಅದು ಥೇಟ್ ಹರಿವಿನ ಅಂಕಿ ತಪ್ಪಾದ ಹಾಗೆಯೇ ಕಾಣಿಸುತ್ತದೆ. ಇ20ಗೆ ಮುಂಚಿನ ಕಾರು, ಹಳೆಯ ಮ್ಯಾಪು, ಇವತ್ತಿನ ಪೆಟ್ರೋಲು, ಹೊಸ ಇಂಜೆಕ್ಟರ್ ನಾಲ್ಕೂ ಸೇರಿದಾಗ ಪ್ಲಸ್ 12 ಬಂತೆಂದರೆ ಅದರಲ್ಲಿ ಇಂಜೆಕ್ಟರಿನ ಪಾಲೆಷ್ಟು, ಎಥೆನಾಲಿನ ಪಾಲೆಷ್ಟು? ಬೇರ್ಪಡಿಸುವ ದಾರಿ ಒಂದೇ: ಇಂಜೆಕ್ಟರ್ ಬಿಚ್ಚುವ ಮೊದಲು, ಅದೇ ಟ್ಯಾಂಕಿನ ಪೆಟ್ರೋಲಿನಲ್ಲಿ, ಅದೇ ರಸ್ತೆಯಲ್ಲಿ ಹಳೆಯ ಇಂಜೆಕ್ಟರಿನ ಟ್ರಿಮ್ ಬರೆದಿಟ್ಟುಕೊಳ್ಳುವುದು. ಇದಕ್ಕೆ ಖರ್ಚಿಲ್ಲ, ಒಂದು ಹಾಳೆ ಸಾಕು. ಆದರೂ ಬಹಳ ಮಂದಿ ಇದನ್ನು ಮಾಡುವುದಿಲ್ಲ. ಇನ್ನು ವೈಡ್‌ಬ್ಯಾಂಡ್ ಮೀಟರಿನಲ್ಲಿ 14.7 ಹುಡುಕುವ ಬದಲು ಲ್ಯಾಂಬ್ಡಾ ಇಟ್ಟುಕೊಳ್ಳಿ. ಯಾವ ಇಂಧನವಿದ್ದರೂ ಸರಿಯಾದ ಮಿಶ್ರಣಕ್ಕೆ ಅದು 1 ಎಂದೇ ತೋರಿಸುತ್ತದೆ.

ಒಂದು ಅಡ್ಡದಾರಿಯ ಬಗ್ಗೆ ಹೇಳದಿದ್ದರೆ ಈ ಬರಹ ಅಪೂರ್ಣ. ಗಾಳಿಯನ್ನು ನೇರವಾಗಿ ಅಳೆಯುವ ಎಂಎಎಫ್ ಸೆನ್ಸರ್ ಇರುವ ಕಾರುಗಳಲ್ಲಿ ಕೆಲವರು ಇಂಜೆಕ್ಟರಿನ ಅಂಕಿಗಳನ್ನು ಮುಟ್ಟದೆ ಗಾಳಿಯ ಅಂಕಿಯನ್ನೇ ಇಳಿಸಿಬಿಡುತ್ತಾರೆ. ಗಾಳಿ ಕಡಿಮೆ ಬಂದಿದೆ ಎಂದು ನಂಬಿದ ಇಸಿಎಂ ಪೆಟ್ರೋಲನ್ನೂ ಕಡಿಮೆ ಸುರಿಯುತ್ತದೆ. ಟ್ರಿಮ್ ಸೊನ್ನೆಗೆ ಬಂದು ಕೂರುತ್ತದೆ, ಗಿರಾಕಿ ಖುಷಿ. ಆದರೆ ಕಿಡಿ ಯಾವಾಗ ಹಾರಿಸಬೇಕು ಎಂದು ಇಸಿಎಂ ನಿರ್ಧರಿಸುವುದೂ ಅದೇ ಗಾಳಿಯ ಅಂಕಿ ನೋಡಿ. ಎಂಜಿನ್ನಿನ ಮೇಲೆ ಭಾರ ಕಡಿಮೆಯಿದೆ ಎಂದುಕೊಂಡು ಅದು ಕಿಡಿಯನ್ನು ಮುಂಚೆಯೇ ಹಾರಿಸುತ್ತದೆ. ತುಂಬಿದ ಗಾಡಿ ಘಾಟಿ ಏರುವಾಗ ಕಟಕಟ ಎಂಬ ನಾಕಿಂಗ್ ಕೇಳಿಸಿದರೆ ಮೊದಲು ಈ ಅಡ್ಡದಾರಿಯನ್ನು ಶಂಕಿಸಿ.

ಬೋಲ್ಟು, ಕನೆಕ್ಟರಿನ ಕಡೆಯ ಸಂಗತಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಮಲ್ಟಿಮೀಟರ್ ಹಿಡಿದು ಹಳೆಯ, ಹೊಸ ಇಂಜೆಕ್ಟರಿನ ರೆಸಿಸ್ಟೆನ್ಸ್ ನೋಡಿ. ಇವತ್ತಿನ ಹೆಚ್ಚಿನ ಕಾರುಗಳದ್ದು 12ರಿಂದ 16 ಓಮ್. ಹಳೆಯ ರೇಸಿಂಗ್ ಇಂಜೆಕ್ಟರುಗಳಲ್ಲಿ 2–3 ಓಮ್‌ನವೂ ಇವೆ. ಅವನ್ನು ನೇರವಾಗಿ ಜೋಡಿಸಿದರೆ ಕರೆಂಟು ನಾಲ್ಕೈದು ಪಟ್ಟು ಹರಿದು ಇಸಿಎಂ ಸುಟ್ಟೀತು. ನಾಲ್ಕೂ ಇಂಜೆಕ್ಟರುಗಳು ಒಂದೇ ಸಮ ಸುರಿಯುತ್ತವೆಯೇ ಎಂದು ಟೆಸ್ಟ್ ಬೆಂಚಿನಲ್ಲಿ ಗಾಜಿನ ಕೊಳವೆಗಳಲ್ಲಿ ಅಳೆಸಿ. ಒಂದು ಸಿಲಿಂಡರ್ ಬಡವಾಗಿ ಇನ್ನೊಂದು ಕೊಬ್ಬಿದರೂ ಸರಾಸರಿ ನೋಡುವ ಸೆನ್ಸರಿಗೆ ಅದು ಗೊತ್ತಾಗುವುದಿಲ್ಲ. ಇಲ್ಲಿ ಹೇಳಿದ್ದೆಲ್ಲ ಮ್ಯಾನಿಫೋಲ್ಡಿನೊಳಗೆ ಸುರಿಯುವ ಎಂಪಿಎಫ್ಐ ಕಾರುಗಳ ಮಾತು. ನೂರಾರು ಬಾರ್ ಒತ್ತಡದಲ್ಲಿ ನೇರ ಸಿಲಿಂಡರಿಗೇ ಸುರಿಯುವ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ನುಗಳ ಲೆಕ್ಕ ಬೇರೆ.

ಖಾನಾಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಹೆಚ್ಚು ಓಡುವುದು ಡೀಸೆಲ್ ಜೀಪು, ಪಿಕಪ್‌ಗಳು. ಅಲ್ಲಿ ಯಾರೂ ಶೋಕಿಗೆ ಇಂಜೆಕ್ಟರ್ ಬದಲಿಸುವುದಿಲ್ಲ, ಕೆಟ್ಟರೆ ಬದಲಿಸುತ್ತಾರೆ. ಆದರೂ ಇದೇ ತಪ್ಪು ಅಲ್ಲೂ ನಡೆಯುತ್ತದೆ. ಬಾಷ್, ಡೆನ್ಸೊ, ಡೆಲ್ಫಿ ಕಂಪನಿಗಳ ಬಹಳಷ್ಟು ಕಾಮನ್ ರೇಲ್ ಇಂಜೆಕ್ಟರುಗಳ ಮೈಮೇಲೆ ಅಕ್ಷರ, ಅಂಕಿಗಳ ಒಂದು ಕೋಡು ಕೊರೆದಿರುತ್ತದೆ. ಆ ಒಂದು ಇಂಜೆಕ್ಟರ್ ಮಾತ್ರ ಎಷ್ಟು ಹೆಚ್ಚುಕಡಿಮೆ ಸುರಿಯುತ್ತದೆ ಎಂಬ ಜಾತಕ ಅದರಲ್ಲಿದೆ. ಅದನ್ನು ಸ್ಕ್ಯಾನರಿನಿಂದ ಇಸಿಎಂಗೆ ಬರೆಯಬೇಕು, ಯಾವ ಸಿಲಿಂಡರಿಗೆ ಯಾವುದು ಎಂದು ನೋಡಿ ಬರೆಯಬೇಕು. ಬರೆಯದಿದ್ದರೂ ಗಾಡಿ ಚಾಲೂ ಆಗುತ್ತದೆ. ಐಡ್ಲಿಂಗ್‌ನಲ್ಲಿ ಕುಣಿಯುತ್ತದೆ, ಹೊಗೆ ಬಿಡುತ್ತದೆ, ಆವರೇಜ್ ಕೊಡುವುದಿಲ್ಲ. ಇಂಜೆಕ್ಟರೇ ಡೂಪ್ಲಿಕೇಟ್ ಎಂದು ಮಾಲೀಕ ಅಂಗಡಿಯವನ ಜೊತೆ ಜಗಳಕ್ಕೆ ಹೋಗುತ್ತಾನೆ.

ಕಾನೂನಿನ ಮಾತು ಕಹಿ, ಆದರೂ ಕೇಳಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ನಿನಂತೆ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ ಮಾಲೀಕನಿಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ, ಅಥವಾ ಎರಡೂ. ಟರ್ಬೊ ಕೂರಿಸಿ ಶಕ್ತಿ ಏರಿಸಿದ ಕಾರು ಟ್ರ್ಯಾಕಿಗೆ, ರ್‍ಯಾಲಿಗೆ ಸರಿ. ಕೆಎ 22 ನಂಬರಿನೊಂದಿಗೆ ಕಾಲೇಜು ರಸ್ತೆಯಲ್ಲಿ ಓಡಿಸಲು ಅಲ್ಲ. ಕೆಟ್ಟುಹೋದದ್ದರ ಜಾಗಕ್ಕೆ ಅದೇ ಗುಣದ ಹೊಸ ಇಂಜೆಕ್ಟರ್ ಹಾಕಿಸುವುದು ಮಾತ್ರ ರಿಪೇರಿ, ಮಾರ್ಪಾಡಲ್ಲ.

ನನಗೆ ಸೋಜಿಗವೆನಿಸುವುದು ಇಷ್ಟೇ. ಬೆಳಗಾವಿ ಫೌಂಡ್ರಿ, ಹೈಡ್ರಾಲಿಕ್ಸ್, ಮಷಿನ್ ಶಾಪುಗಳ ಊರು. ಹೈಡ್ರಾಲಿಕ್ ವಾಲ್ವಿನ ಸ್ಪೂಲಿಗೂ ಅದರ ಮನೆಗೂ ನಡುವಿನ ಸಂದನ್ನು ಮೈಕ್ರಾನಿನಲ್ಲಿ ಅಳೆಯುವ ಕೈಗಳು ಉದ್ಯಮಬಾಗ, ಮಚ್ಛೆಗಳಲ್ಲಿ ಸಾವಿರಾರಿವೆ. ರಿಪೋರ್ಟ್ ಇಲ್ಲದ ಒಂದು ಕಾಸ್ಟಿಂಗನ್ನೂ ಅವರು ಗೇಟಿನೊಳಗೆ ಬಿಟ್ಟುಕೊಳ್ಳುವುದಿಲ್ಲ. ಅದೇ ಮಂದಿ ಸಂಜೆ ಸ್ವಂತ ಕಾರಿಗೆ ಬರೀ ಬಣ್ಣ, ಬ್ರ್ಯಾಂಡು ನೋಡಿ ಇಂಜೆಕ್ಟರ್ ತರುತ್ತಾರೆ. ಕಾರ್ಖಾನೆಯಲ್ಲಿ ಕೇಳುವ ಕಾಗದವನ್ನೇ ಅಂಗಡಿಯಲ್ಲೂ ಕೇಳಿ: ಎಷ್ಟು ಬಾರ್‌ನಲ್ಲಿ ಎಷ್ಟು ಸಿ.ಸಿ., 10ರಿಂದ 15 ವೋಲ್ಟ್‌ವರೆಗೆ ಡೆಡ್ ಟೈಮ್ ಎಷ್ಟೆಷ್ಟು, ನಾಲ್ಕರ ನಡುವೆ ವ್ಯತ್ಯಾಸವೆಷ್ಟು. ಆ ಕಾಗದ ಇಲ್ಲವೆಂದರೆ ಇಂಜೆಕ್ಟರ್ ಅಂಗಡಿಯಲ್ಲೇ ಇರಲಿ, ಎಷ್ಟು ಅಗ್ಗಕ್ಕೆ ಕೊಟ್ಟರೂ ತರಬೇಡಿ.